ಬನಶಂಕರಿ ಪ್ರಿಂಟು

ಐಹೊಳೆಯ ರವಿಕೀರ್ತಿ ಜಾಣ. ಇಮ್ಮಡಿ ಪುಲಿಕೇಶಿಯ ಪ್ರತಾಪವನ್ನೆಲ್ಲ ಸಂಸ್ಕೃತದಲ್ಲಿ ಹೊಸೆದ, ಸಂದು ಸಿಕ್ಕಲ್ಲಿ ತನ್ನನ್ನೂ ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡ. ಆಮೇಲೆ ಅದನ್ನು ಯಾವ ಓಲೆಗರಿಯ ಕೈಗೂ ಒಪ್ಪಿಸದೆ ಮೇಗುಟಿ ಬಸದಿಯ ಗೋಡೆಗೆ ಕೆತ್ತಿಸಿಬಿಟ್ಟ. ಅದು ಕ್ರಿ.ಶ. 634. ಹುನಗುಂದದ ಕಡೆಯಿಂದ ಹೋಗಿ ಗುಡ್ಡ ಹತ್ತಿದರೆ ಅಕ್ಷರಗಳು ಈಗಲೂ ಅಲ್ಲೇ ಕೂತಿವೆ. ಅದಾಗಿ ಸರಿಯಾಗಿ ಹದಿಮೂರು ನೂರು ವರ್ಷಕ್ಕೆ, 1934ರಲ್ಲಿ, ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂತು. ಅದರ ಒಂದೇ ಒಂದು ಪ್ರತಿಯೂ ಇವತ್ತು ಉಳಿದಿಲ್ಲ.

ಈ ಲೆಕ್ಕ ನನ್ನದಲ್ಲ, ನಮ್ಮ ಸೋದರಮಾವನದು. ಲೆಕ್ಕ ಒಪ್ಪಿಸಿ ಸುಮ್ಮನಾಗುವ ಪೈಕಿ ಅವರಲ್ಲ. “ರಾಜಾ ಇದ್ದಾಗಿನ ಕಲ್ಲು ಐತಿ, ನಮ್ಮಪ್ಪ ಇದ್ದಾಗಿನ ಫಿಲ್ಮ್ ಇಲ್ಲ. ಇದಕ್ಕೇನಂತಿ?” ಎಂದು ಕೇಳುತ್ತಾರೆ. ನಾನು ಏನೂ ಅನ್ನುವುದಿಲ್ಲ. ಮಾಮಾನ ಪ್ರಶ್ನೆಗೆ ಉತ್ತರ ಕೊಟ್ಟವರು ಅವತ್ತು ಊಟ ಮುಗಿಸಿಯೇ ಮನೆಗೆ ಹೋಗಬೇಕಾಗುತ್ತದೆ.

‘ಸತಿ ಸುಲೋಚನಾ’ದ ಬಗ್ಗೆ ಅವರಿಗೆ ಇನ್ನೊಂದು ಸಂಕಟವಿದೆ. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ನಾಗೇಂದ್ರರಾಯರು ರಾವಣನಾಗಿ ಅಬ್ಬರಿಸಿದ ಆ ಚಿತ್ರ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬಾಗಲಕೋಟೆಗೆ ಬೆಂಗಳೂರಿಗಿಂತ ಕೊಲ್ಹಾಪುರ ಅರ್ಧದಷ್ಟೂ ದೂರವಿಲ್ಲ. ಕನ್ನಡ ಮೊದಲ ಸಲ ಪರದೆಯ ಮೇಲೆ ಬಾಯಿಬಿಟ್ಟದ್ದು ನಮ್ಮ ಮಗ್ಗುಲಲ್ಲೇ, ಅಂಥದ್ದನ್ನು ನಾವು ಕಳೆದುಕೊಂಡು ಕೂತೆವು ಎಂಬುದು ಅವರ ವಾದ. ಕಳೆದದ್ದು ನಾವು ಹೇಗೆ, ಅದನ್ನು ನಮ್ಮ ಕೈಗೆ ಕೊಟ್ಟವರಾದರೂ ಯಾರು ಎಂದು ಕೇಳಲು ಹೋಗಬಾರದು.

ಮಾಮಾ ಹುಡುಗರಾಗಿದ್ದಾಗ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರನ ಕೈಕೆಳಗೆ ಕೆಲಸಕ್ಕಿದ್ದರು. ಕೆಲಸ ಅಂದರೆ ರೀಲು ಸುತ್ತುವುದು, ಹರಿದ ಫಿಲ್ಮಿಗೆ ಸಿಮೆಂಟು ಹಚ್ಚುವುದು, ಆಪರೇಟರಿಗೆ ಬೀಡಿ ತರುವುದು. ಮುಂದೆ ಹಳೆ ಬಾಗಲಕೋಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು, ಮಕ್ಕಳ ಮದುವೆ ಮಾಡಿದರು, ವಯಸ್ಸಾದರು. ಆದರೆ ಬೆರಳಿಗೆ ಹತ್ತಿದ ಆ ಸಿಮೆಂಟು ಬಿಡಲೇ ಇಲ್ಲ. ಹಳೆಯ ಸಿನೆಮಾ ಎಲ್ಲಿ ಎಷ್ಟು ಕತ್ತರಿಯಾಗಿದೆ, ಯಾವ ಹಾಡು ಟಿವಿಯಲ್ಲಿ ಹಾರಿಹೋಗುತ್ತದೆ, ಯಾವ ಸಿ.ಡಿ.ಯಲ್ಲಿ ಕಥೆ ನಡುವೆ ಜಿಗಿಯುತ್ತದೆ ಎಂಬುದೆಲ್ಲ ಅವರ ಒಂದು ಉದ್ದನೆಯ ಖಾತೆ ಪುಸ್ತಕದಲ್ಲಿದೆ. ಅಂಗಡಿಯ ಉದ್ರಿಯೂ ಅದೇ ಪುಸ್ತಕದಲ್ಲಿರುವುದರಿಂದ ಯಾರೋ ಗಿರಾಕಿಯ ಹೆಸರಿನ ಮುಂದೆ “ಎರಡನೇ ಚರಣ ಬಾಕಿ” ಎಂದು ಬರೆದದ್ದೂ ಉಂಟು.

ಬನಶಂಕರಿ ಜಾತ್ರೆ ಗೊತ್ತಿಲ್ಲದವರಿಗೆ ಅವರ ರೋಗದ ಮೂಲ ತಿಳಿಯುವುದಿಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ತೇರು ಎಳೆಯುತ್ತಾರೆ. ತೇರು ಒಂದು ದಿನ, ಜಾತ್ರೆ ವಾರಗಟ್ಟಲೆ. ನಾಡಿನ ನಾಟಕ ಕಂಪನಿಗಳು ಅಲ್ಲಿ ಎದುರುಬದುರು ಟೆಂಟು ಹೊಡೆದು ರಾತ್ರಿಯಿಡೀ ಆಡುತ್ತವೆ. ಜನ ಬುಟ್ಟಿಯ ಅವ್ವಂದಿರ ಹತ್ತಿರ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೊಡೆದು, ಒಂದು ನಾಟಕ ಮುಗಿಸಿ ಇನ್ನೊಂದಕ್ಕೆ ನುಗ್ಗುತ್ತಾರೆ. ಇಂಥ ಕಡೆ ಸಿನೆಮಾ ಟೆಂಟಿನವನ ಪಾಡು ಊಹಿಸಿ. ಪಕ್ಕದ ನಾಟಕದ ಗಂಟೆ ಹೊಡೆಯುವುದರೊಳಗೆ ಇವನ ಶೋ ಬಿಡಬೇಕು, ಇಲ್ಲವಾದರೆ ಅರ್ಧ ಜನ ತಾವಾಗಿಯೇ ಎದ್ದು ಹೋಗುತ್ತಾರೆ. ಎರಡೂವರೆ ತಾಸಿನ ಚಿತ್ರವೆಂದರೆ ಸಾವಿರ ಅಡಿಯ ಹದಿಮೂರು ಹದಿನಾಲ್ಕು ರೀಲು. ಒಂದೊಂದು ಹನ್ನೊಂದು ನಿಮಿಷದ ಬಾಬತ್ತು. ನಡುವಿನ ಒಂದು ರೀಲನ್ನು ಡಬ್ಬಿಯಿಂದ ತೆಗೆಯದಿದ್ದರೆ ಹನ್ನೊಂದು ನಿಮಿಷ ಉಳಿಯಿತಲ್ಲ! ಕಥೆಯ ಗತಿ ಏನು ಅಂದರೆ, ಕಥೆ ಜಾತ್ರೆಯ ಜನಕ್ಕೆ ಮೊದಲೇ ಗೊತ್ತಿರುತ್ತಿತ್ತು.

ಮಾಮಾ ಆ ಟೆಂಟಿನಲ್ಲಿದ್ದಾಗ ಬಂದದ್ದು ರಾಜಕುಮಾರರ ‘ಇಮ್ಮಡಿ ಪುಲಿಕೇಶಿ’. 1967ರ ಚಿತ್ರ. ಪುಲಿಕೇಶಿಯ ಸ್ವಂತ ಊರಿನಲ್ಲಿ ಪುಲಿಕೇಶಿಯ ಸಿನೆಮಾ ಎಂದ ಮೇಲೆ ಕೇಳಬೇಕೆ, ಗಾಡಿ ಕಟ್ಟಿಕೊಂಡು ಜನ ಬಂದರು. ಅಗಸ್ತ್ಯತೀರ್ಥದ ಹೊಂಡದಲ್ಲಿ ದಿನಾ ಬಟ್ಟೆ ಒಗೆಯುವವರು “ಅರಮನಿ ಎಲ್ಲೈತಿ, ನಾವು ಕಂಡಿಲ್ಲಲ್ಲ?” ಎಂದು ನೆಲದಲ್ಲಿ ಕೂತು ತಕರಾರು ತೆಗೆದರು. ಹುಬ್ಬಳ್ಳಿ, ಗದಗ ಎಲ್ಲ ತಿರುಗಿ, ಹರಿದು, ಅಂಟಿ, ಮತ್ತೆ ಹರಿದು ಬಂದ ಪ್ರಿಂಟು ಅದು. ಅದರಲ್ಲಿ ಎಂಟನೇ ರೀಲು ಇರಲಿಲ್ಲ. ಮಾಲೀಕ ತೆಗೆದಿಟ್ಟನೋ, ಹಿಂದಿನ ಊರಿನವನು ಮರೆತನೋ, ಬರುವಾಗ ಟಪಾಲು ಮೋಟಾರಿನ ಮೇಲಿಂದ ಬಿತ್ತೋ, ಅದು ಇವತ್ತಿಗೂ ಇತ್ಯರ್ಥವಾಗಿಲ್ಲ. ಜಾತ್ರೆ ಮುಗಿಯುವತನಕ ಪುಲಿಕೇಶಿ ಏಳರಿಂದ ಒಂಬತ್ತಕ್ಕೆ ಹಾರಿದ, ಒಬ್ಬನೂ ಸೊಲ್ಲೆತ್ತಲಿಲ್ಲ. ಮಾಮಾನಿಗೆ ಮಾತ್ರ ಅಂದಿನಿಂದ ಆ ಎಂಟನೇ ರೀಲಿನ ಚಿಂತೆ.

ಇಂಥ ಚಿಂತೆ ಬಾದಾಮಿಗಷ್ಟೇ ಬಂದದ್ದಲ್ಲ. ಅಮೆರಿಕದ ಜಾರ್ಜ್ ಲ್ಯೂಕಾಸ್ 1977ರಲ್ಲಿ ‘ಸ್ಟಾರ್ ವಾರ್ಸ್’ ಮಾಡಿ ಲೋಕವನ್ನೇ ಗೆದ್ದರು. ಇಪ್ಪತ್ತು ವರ್ಷದ ಮೇಲೆ, 1997ರಲ್ಲಿ, ಅದೇ ಚಿತ್ರಕ್ಕೆ ಕಂಪ್ಯೂಟರಿನ ಪ್ರಾಣಿಗಳನ್ನು ತುಂಬಿ, ಹೊಸ ದೃಶ್ಯ ಸೇರಿಸಿ ಮತ್ತೆ ಬಿಟ್ಟರು. (ಅದೇ ವರ್ಷ ನಮ್ಮ ಸರಕಾರ ವಿಜಾಪುರವನ್ನು ಕತ್ತರಿಸಿ ಬಾಗಲಕೋಟೆ ಜಿಲ್ಲೆ ಮಾಡಿತು. ತಿದ್ದುವ ಹುಮ್ಮಸ್ಸು ಆಗ ಗಾಳಿಯಲ್ಲೇ ಇತ್ತೋ ಏನೋ.) ಮೊದಲಿನ ಚಿತ್ರದಲ್ಲಿ ನಾಯಕರಲ್ಲೊಬ್ಬನಾದ ಹ್ಯಾನ್ ಸೋಲೋ ಎದುರಿಗೆ ಕೂತವನಿಗೆ ತಾನೇ ಮೊದಲು ಗುಂಡು ಹೊಡೆಯುತ್ತಾನೆ. ಹೊಸದರಲ್ಲಿ ಎದುರಿನವನು ಮೊದಲು ಹೊಡೆದು ಗುರಿ ತಪ್ಪುತ್ತಾನೆ, ಆಮೇಲೆ ಇವನು. ನಮ್ಮ ಕಡೆಯ ‘ಸಂಗ್ಯಾ ಬಾಳ್ಯಾ’ದಲ್ಲಿ ಈರ್ಯಾ ಆತ್ಮರಕ್ಷಣೆಗಾಗಿ ಸಂಗ್ಯಾನನ್ನು ಕೊಂದ ಎಂದು ತಿದ್ದಿದರೆ ಕಟ್ಟೆಯ ಮೇಲಿನ ಜನ ಬಿಟ್ಟಾರೆಯೇ? ಅಲ್ಲಿಯವರೂ ಬಿಡಲಿಲ್ಲ. ಚೆಕ್ ದೇಶದ ಪೆಟ್ರ್ ಹರ್ಮಾಚೆಕ್ ಎಂಬ ಇಂಗ್ಲಿಷ್ ಮೇಷ್ಟ್ರು ಬೇರೆ ಬೇರೆ ಪ್ರತಿಗಳಿಂದ ತುಣುಕು ಆಯ್ದು, ಸೇರಿಸಿದ್ದನ್ನೆಲ್ಲ ಕಿತ್ತು, 1977ರಲ್ಲಿ ಜನ ಕಂಡ ಚಿತ್ರವನ್ನು ಮನೆಯಲ್ಲೇ ಕೂತು ಮರಳಿ ಕಟ್ಟಿದರು. ಇನ್ನೊಂದು ಗುಂಪು ಥೇಟರಿನಲ್ಲಿ ಓಡಿದ್ದ ಹಳೆಯ 35 ಎಂಎಂ ಪ್ರಿಂಟುಗಳನ್ನೇ ಹುಡುಕಿ ಒಂದೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿತು. ಕಾಯಿದೆಯ ಕಣ್ಣಿನಲ್ಲಿ ಇದು ಸರಿಯಲ್ಲ, ಯಾರೂ ದುಡ್ಡು ಕೊಡಲಿಲ್ಲ, ಮಾಡಿದವರಿಗೆ ನಿದ್ದೆಯೂ ಇರಲಿಲ್ಲ. ಈ ಸಂಗತಿ ಹೇಳಿದ್ದೇ ತಡ, ಮಾಮಾ ಮೊದಲ ಸಲ ಒಬ್ಬ ಮೇಷ್ಟ್ರ ಬಗ್ಗೆ ಗೌರವದಿಂದ ಮಾತಾಡಿದರು.

ಬೇರೆ ಬೇರೆ ಪ್ರತಿಯ ತುಣುಕು ಕೂಡಿಸುವುದು ಹೇಗೆಂದು ನನಗೆ ಬಿಡಿಸಿ ಹೇಳಿದವರು ಮಾತ್ರ ಮಾಮಾ ಅಲ್ಲ, ಅವರ ಹೆಂಡತಿ, ನಮ್ಮ ಅತ್ತಿ. ಅವರ ತವರು ಇಳಕಲ್ಲು, ಕುಣಿಮಗ್ಗದ ಮನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯಿದ್ದರೂ ಸೆರಗಿಗೆ ರೇಶಿಮೆಯೇ ಬೇಕು. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ, ಆಮೇಲೆ ಟೋಪು ತೆನಿ ಸೆರಗು ಒಡಲಿನಿಂದಲೇ ಹುಟ್ಟಿದಂತೆ ಬರುತ್ತದೆ. “ಹಂಗ ಕೊಂಡಿ ಹಾಕೂದಲ್ಲೇನು? ಒಂದು ಕಡೆ ಚಿತ್ರ ಛಲೋ ಇರತೈತಿ, ಒಂದು ಕಡೆ ಧ್ವನಿ ಛಲೋ ಇರತೈತಿ. ಎಳಿ ಎಣಿಸಿ ಕೂಡಿಸಬೇಕು, ಒಂದು ಎಳಿ ತಪ್ಪಿದ್ರ ಮಂದಿ ಬಾಯಿ ಒಂದು ಕಡೆ, ಮಾತೊಂದು ಕಡೆ” ಎಂದರು. ಸಿನೆಮಾ ರಿಪೇರಿಯ ಬಗ್ಗೆ ನಾನು ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ಚೊಕ್ಕದ್ದು ಇಲ್ಲ.

ಅತ್ತಿ ಮತ್ತು ಮಾಮಾನ ನಡುವೆ ಜಗಳವಿರುವುದು ಬಣ್ಣದ ವಿಷಯಕ್ಕೆ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ಕಪ್ಪು ಬಿಳುಪಿನಲ್ಲಿ ಬಂದದ್ದು. 2008ರಲ್ಲಿ ಅದಕ್ಕೆ ಕಂಪ್ಯೂಟರಿನಿಂದ ಬಣ್ಣ ಹಚ್ಚಿ ಬಿಟ್ಟರು. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೂ ಅದೇ ಯೋಗ ಕೂಡಿಬಂತು. ಮಾಮಾ ಎರಡು ಸಲವೂ ಊಟ ಬಿಟ್ಟರು. ಅತ್ತಿ ಎರಡನ್ನೂ ಸಂತೋಷದಿಂದ ನೋಡಿದರು, ಆದರೆ ನೇಕಾರರ ಮಗಳಾಗಿ ಒಂದು ಪ್ರಶ್ನೆ ಎತ್ತಿದರು. ಕಪ್ಪು ಬಿಳುಪಿನಲ್ಲಿ ಕೆಂಪೂ ಹಸಿರೂ ಎರಡೂ ಬೂದಿಯೇ. ಚಂದ್ರಮತಿಯಾಗಿ ಪಂಢರಿಬಾಯಿ ಅಂದು ಉಟ್ಟ ಸೀರೆಯ ಬಣ್ಣ ಯಾವುದೆಂದು ಕಂಪ್ಯೂಟರಿನವನಿಗೆ ಹೇಳಿದವರು ಯಾರು? “ಇಳಕಲ್ಲಿಗೆ ಬಂದು ಕೇಳಿದ್ರ ನಾವು ಅಂಚು ನೋಡಿ ಹೇಳತಿದ್ವಿ, ಚಿಕ್ಕಿ ಪರಾಸೋ ಗೋಮಿಯೋ ಅಂತ. ಅದಕ್ಕ ಹೊಂದೋ ಒಡಲಾ ಹೇಳತಿದ್ವಿ.” ಹರಿಶ್ಚಂದ್ರನ ಹೆಂಡತಿ ಇಳಕಲ್ ಸೀರೆಯನ್ನೇ ಉಟ್ಟಿದ್ದಳೆಂಬುದರಲ್ಲಿ ಅವರಿಗೆ ಸಂಶಯವಿಲ್ಲ.

ಬಣ್ಣದಷ್ಟೇ ಮಾಮಾನ ರಕ್ತದೊತ್ತಡ ಏರಿಸಿದ್ದು ‘ನಾಗರಹಾವು’. ಪುಟ್ಟಣ್ಣನವರ 1972ರ ಚಿತ್ರ 2018ರಲ್ಲಿ ಸಿನೆಮಾಸ್ಕೋಪಾಗಿ, 7.1 ಧ್ವನಿಯೊಂದಿಗೆ ಮತ್ತೆ ಬಂತು. ಥೇಟರುಗಳ ಮುಂದೆ ಜಾತ್ರೆಯೇ ನೆರೆಯಿತು. ಹೊಸ ಹುಡುಗರು ರಾಮಾಚಾರಿಯನ್ನು ದೊಡ್ಡ ಪರದೆಯಲ್ಲಿ ಕಂಡರು, ಇದು ಸಣ್ಣ ಮಾತಲ್ಲ. ಆದರೆ ಹೆಚ್ಚುಕಡಿಮೆ ಚೌಕಾಕಾರದ ಚಿತ್ರವನ್ನು ಅಗಲ ಪರದೆಗೆ ತುಂಬಿಸಬೇಕಾದರೆ ದಾರಿ ಎರಡೇ. ಅಡ್ಡಡ್ಡ ಎಳೆಯಬೇಕು, ಅಥವಾ ಮೇಲೆ ಕೆಳಗೆ ಕತ್ತರಿಸಬೇಕು. ಎಳೆದರೆ ಮಂದಿ ದಪ್ಪಗಾಗುತ್ತಾರೆ, ಕತ್ತರಿಸಿದರೆ ದುರ್ಗದ ಬಂಡೆಯ ತುದಿಯೋ ಪಾತ್ರದ ಕಾಲೋ ಹೋಗುತ್ತದೆ. ಈ ವಿಷಯದಲ್ಲಿ ನಾನು ಮಾಮಾನ ಕಡೆಯವನೇ. ಬಣ್ಣ ಹಚ್ಚಲಿ, ಅಗಲ ಮಾಡಲಿ, ಏಳಲ್ಲದಿದ್ದರೆ ಎಪ್ಪತ್ತು ಕಡೆಯಿಂದ ಧ್ವನಿ ಬರಿಸಲಿ, ಮೊದಲಿದ್ದದ್ದನ್ನು ಮೊದಲಿದ್ದ ಹಾಗೇ ಸ್ವಚ್ಛ ಮಾಡಿ ಪಕ್ಕದಲ್ಲೊಂದು ಇಟ್ಟಿರಬೇಕು. ಪಟ್ಟದಕಲ್ಲಿನಲ್ಲೋ ಐಹೊಳೆಯಲ್ಲೋ ಗೋಡೆಯ ಕಲ್ಲು ಬಿದ್ದಲ್ಲಿ ಪುರಾತತ್ವದವರು ಕೆತ್ತನೆಯಿಲ್ಲದ ಬೋಳುಕಲ್ಲು ಕೂರಿಸಿರುವುದನ್ನು ನೋಡಿ. ಹಳೆಯದು ಯಾವುದು, ತಾವಿಟ್ಟದ್ದು ಯಾವುದು ಎಂಬುದನ್ನು ಮುಚ್ಚಿಡುವುದಿಲ್ಲ. ಸಿನೆಮಾದವರಿಗೆ ಮಾತ್ರ ಬೋಳುಕಲ್ಲು ಇಡಲು ನಾಚಿಕೆ.

ಹಾಗಂತ ನಮ್ಮಲ್ಲಿ ಶಾಸ್ತ್ರೋಕ್ತವಾಗಿ ಮಾಡಿದವರು ಇಲ್ಲವೆಂದಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, 1977ರದ್ದು, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಮತ್ತು ಇಟಲಿಯ ಬೊಲೋನ್ಯದ ಸಿನೆಟೆಕಾ ಜೊತೆ ಸೇರಿ ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ಉಳಿದಿತ್ತು, ಅದರಿಂದ ಇಷ್ಟಾಯಿತು. 1964ರಲ್ಲಿ ಆರಂಭವಾದ ಆ ಆರ್ಕೈವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಕೂಡ ನನ್ನ ಕಣ್ಣಿಗೆ ಮಾಮಾನ ಜಾತಿಯವರೇ, ಸರಕಾರಿ ಸಂಬಳ ಸಿಗುತ್ತಿತ್ತು ಅನ್ನುವುದೊಂದೇ ಭೇದ. ಡಬ್ಬಿ ಸಿಕ್ಕಲ್ಲಿ ಹೊತ್ತು ತಂದವರು. ಫಿಲ್ಮನ್ನು ತೊಳೆದು ಅದರ ಬೆಳ್ಳಿ ತೆಗೆದು ಮಾರುವ ಜನರಿಗಿಂತ ಒಂದು ಹೆಜ್ಜೆ ಮುಂದೆ ಓಡಬೇಕಾಗಿದ್ದ ಕಾಲ ಅದು. ಅಲ್ಲಿಯೂ ವಿಧಿ ಬಿಡಲಿಲ್ಲ, 2003ರ ಜನವರಿಯ ಬೆಂಕಿಯಲ್ಲಿ ನೈಟ್ರೇಟ್ ಫಿಲ್ಮುಗಳ ರಾಶಿಯೇ ಉರಿದುಹೋಯಿತು. ‘ಘಟಶ್ರಾದ್ಧ’ದ ಸುದ್ದಿ ಪತ್ರಿಕೆಯಲ್ಲಿ ಓದಿದ ಮಾಮಾ ಎರಡು ನಿಮಿಷ ಸುಮ್ಮನಿದ್ದು, “ವೆನಿಸ್ಸಿಗೆ ಹೋತು, ಛಲೋ ಆತು. ಬಾದಾಮಿಗೆ ಯಾವಾಗ ಬರತೈತಿ?” ಎಂದರು. ಇದಕ್ಕೆ ನಾನು ಬೇಕೆಂದೇ ಉತ್ತರ ಕೊಟ್ಟೆ, ಅವತ್ತು ಅತ್ತಿ ಎಣ್ಣೆಗಾಯಿ ಮಾಡಿದ್ದರು.

ಮನೆಯ ಅಟ್ಟದ ಮೇಲೆ ಮಾಮಾನ ಸ್ವಂತ ಆರ್ಕೈವ್ ಇದೆ. ಟೆಂಟು ಮುಚ್ಚಿದಾಗ ಸಂಬಳದ ಬಾಕಿಗೆ ಬದಲು ಸಿಕ್ಕ ತಗಡಿನ ಡಬ್ಬಿಗಳು. ಆಲಮಟ್ಟಿ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಮನೆ ಮುಳುಗಡೆಗೆ ಹೋದಾಗ ಊರಿಗೆ ಊರೇ ಬಾಗಿಲು, ತೊಲೆ, ಬೀಸುಕಲ್ಲು ಹೇರಿಕೊಂಡು ನವನಗರದ ಸೆಕ್ಟರುಗಳಿಗೆ ಹೊರಟಿತ್ತು. ಮಾಮಾ ಮೊದಲ ಖೇಪಿನಲ್ಲಿ ಡಬ್ಬಿಗಳನ್ನೂ, ಎರಡನೆಯದರಲ್ಲಿ ಅತ್ತಿಯನ್ನೂ ಸಾಗಿಸಿದರು. ಈ ಕ್ರಮ ಯಾಕೆಂದು ಅತ್ತಿ ಇನ್ನೂ ಆಗಾಗ ಕೇಳುವುದುಂಟು. ಹೊಸ ಮನೆಯಲ್ಲಿ ಕೆಲವು ಬೇಸಿಗೆ ಕಳೆದ ಮೇಲೆ ಹುಳಿ ವಾಸನೆ ಶುರುವಾಯಿತು. ಅತ್ತಿ ಉಪ್ಪಿನಕಾಯಿಯ ಭರಣಿಗಳನ್ನೆಲ್ಲ ಮೂಸಿ, ಮಾಡಿದವಳೆಂದು ಸೊಸೆಯನ್ನು ಬೈದು, ಕಡೆಗೆ ಅಟ್ಟ ಹತ್ತಿದರು. ಅಸಿಟೇಟ್ ಫಿಲ್ಮು ಸೆಕೆಗೆ ಕೊಳೆತರೆ ವಿನೆಗರಿನ ನಾತ ಬಿಡುತ್ತದೆ. ಒಂದು ಡಬ್ಬಿಗೆ ಹತ್ತಿದರೆ ಅದರ ಆವಿ ಮಗ್ಗುಲಿನ ಡಬ್ಬಿಗೂ ತಾಗುತ್ತದೆ. ಮಾಮಾ ತೆರೆದು ನೋಡುವಾಗ ಹಲವು ರೀಲು ಹಪ್ಪಳದಂತೆ ಸೊಟ್ಟಗಾಗಿದ್ದವು. ಬಣ್ಣದ ಒಂದು ತುಂಡು ನೀಲಿ, ಹಸಿರು ಎಲ್ಲ ಬಿಟ್ಟುಕೊಟ್ಟು ಬರೀ ಗುಲಾಬಿಯಾಗಿ ಉಳಿದಿತ್ತು.

ಸಿನೆಮಾ ಹೋದರೂ ಹಾಡು ಉಳಿಯುತ್ತದೆ ಎಂಬ ಧೈರ್ಯವನ್ನು ಅವರಿಗೆ ಕೊಟ್ಟದ್ದು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ನಮ್ಮ ಪಕ್ಕದ ಬೀಳಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದವರು. ಕಲ್ಕತ್ತೆಯ ರಾಕ್ಸಿಯಲ್ಲಿ ಆ ಚಿತ್ರ ಮೂರು ವರ್ಷ ಮೀರಿ ಓಡಿತು. ಪ್ರದೀಪ್ ಬರೆದ ದೇಶಭಕ್ತಿಗೀತೆ ಬಂದಾಗ ಜನ ವನ್ಸ್ ಮೋರ್ ಎಂದು ಕೂಗಿ ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿಸುತ್ತಿದ್ದರಂತೆ. ಅಂದರೆ ಆ ಊರಿನ ಆ ಶೋದಲ್ಲಿ ‘ಕಿಸ್ಮತ್’ನಲ್ಲಿ ಆ ಹಾಡು ಎರಡು ಸಲ ಇತ್ತು! ಹಾಡಿನ ಗ್ರಾಮಾಫೋನ್ ತಟ್ಟೆಯ ಕಥೆ ಇನ್ನೊಂದು. ಒಂದು ಬದಿಗೆ ಮೂರು ಮೂರೂವರೆ ನಿಮಿಷ ಮಾತ್ರ ಹಿಡಿಯುವ ಆ 78 ಆರ್‌ಪಿಎಂ ತಟ್ಟೆಗಳಿಗಾಗಿ ಎಷ್ಟೋ ಹಾಡುಗಳು ಮೊಟಕಾಗುತ್ತಿದ್ದವು. ತಟ್ಟೆ ಕೂಡಿಹಾಕುವವರು ತಟ್ಟೆಯದನ್ನೇ ಮೂಲ ಎನ್ನುತ್ತಾರೆ, ಸಿನೆಮಾದವರು ತೆರೆಯ ಮೇಲಿನದನ್ನೇ ಎನ್ನುತ್ತಾರೆ. ಅಮೀರ್‌ಬಾಯಿ 1965ರಲ್ಲಿ ತೀರಿಕೊಂಡರು, ಅವರ ಹೆಸರೂ ತೆರೆಮರೆಗೆ ಸರಿಯಿತು. ರಹಮತ್ ತರೀಕೆರೆಯವರು ಹುಡುಕಿ ಅಲೆದು ಅವರ ಬದುಕನ್ನು ಕನ್ನಡದಲ್ಲಿ ಪುಸ್ತಕ ಮಾಡಿದರು. ಇದೂ ಒಂದು ರಿಸ್ಟೊರೇಶನ್ನೇ, ಸ್ಕ್ಯಾನರ್ ಇಲ್ಲದ್ದು.

ಈಗ ಅಟ್ಟದ ಕೆಲಸ ಮಾಮಾನ ಮೊಮ್ಮಗನ ಕೈಗೆ ಬಂದಿದೆ. ಇಂಜಿನಿಯರಿಂಗ್ ಓದುವ ಹುಡುಗ. ಅಜ್ಜನ ಮೇಲಿನ ಪ್ರೀತಿಗೋ ಪರೀಕ್ಷೆಯ ಮೇಲಿನ ಸಿಟ್ಟಿಗೋ ಲ್ಯಾಪ್‌ಟಾಪಿನಲ್ಲಿ ‘ಇಮ್ಮಡಿ ಪುಲಿಕೇಶಿ’ಯ ಸಿಕ್ಕ ಸಿಕ್ಕ ಪ್ರತಿಗಳನ್ನು ಹರಡಿಕೊಂಡು ಕೂತ. ಹೊರಗೆ ಎಲ್ಲೂ ಬಿಡುವುದಿಲ್ಲ, ಮನೆಯ ಮಟ್ಟಿಗೆ ಎಂದು ಅಜ್ಜನಿಂದ ಬನಶಂಕರಿಯ ಆಣೆ ಮಾಡಿಸಿಕೊಂಡೇ ಶುರುಮಾಡಿದ. ಟಿವಿಯಿಂದ ಹಿಡಿದಿಟ್ಟದ್ದರಲ್ಲಿ ಮೂಲೆಯ ಗುರುತು ರಾಜನ ಕಿರೀಟದ ಮೇಲೇ ಕೂತಿತ್ತು, ಅದನ್ನು ಒರೆಸಿದ. ಗೀರು ಒರೆಸಿದ. ಮೂಲೆಯಲ್ಲಿ ಆಗಾಗ ಮಿಂಚಿ ಮಾಯವಾಗುವ ದುಂಡು ಚುಕ್ಕಿಗಳನ್ನೂ ಕಸವೆಂದು ಒರೆಸಿದ.

ಅಲ್ಲಿ ಎದ್ದಿತು ಗದ್ದಲ. “ಏನ್ ಮಾಡಿದ್ಯಲೇ! ಅದು ಕಸಾ ಅಲ್ಲ. ರೀಲು ಮುಗಿಯಾಕ ಬಂತು ಅಂತ ಆಪರೇಟರಗ ಹೇಳೂ ಚುಕ್ಕಿ ಅದು!” ಮಾಮಾ ಹೇಳಿದ್ದು ನಿಜ. ಎರಡು ಪ್ರೊಜೆಕ್ಟರ್ ಇರುವ ಥೇಟರಿನಲ್ಲಿ ಮೊದಲ ಚುಕ್ಕಿಗೆ ಎರಡನೇ ಯಂತ್ರ ಚಾಲು ಮಾಡಬೇಕು, ಎರಡನೇ ಚುಕ್ಕಿಗೆ ಚಿತ್ರವನ್ನು ಅದಕ್ಕೆ ದಾಟಿಸಬೇಕು. ಟೆಂಟಿನಲ್ಲಿ ಇದ್ದದ್ದು ಒಂದೇ ಯಂತ್ರ, ಅಲ್ಲಿ ಚುಕ್ಕಿ ಬಂತೆಂದರೆ ದೀಪ ಹತ್ತುತ್ತಿತ್ತು, ಚುರಮುರಿಯವನು ಒಳಗೆ ಬರುತ್ತಿದ್ದ, ಆಪರೇಟರು ಬೀಡಿ ಹಚ್ಚುತ್ತಿದ್ದ. ಹುಡುಗ ಪಾಪ, ಚುಕ್ಕಿಗಳನ್ನೆಲ್ಲ ಮರಳಿ ಇಟ್ಟ.

ಹೀಗೆ ಏನೇನೋ ಕೂಡಿಸಿ ಒಂದು ದಿನ ಕಥೆ ಎಲ್ಲೂ ಹಾರದ ಪುಲಿಕೇಶಿ ಸಿದ್ಧವಾದ. ಮನೆಮಂದಿಯೆಲ್ಲ ಕೂತೆವು. ಬನಶಂಕರಿಯ ಟೆಂಟಿನಲ್ಲಿ ಕಾಣದ ಭಾಗ ಬಂತು. ಮಾಮಾ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅತ್ತಿ ನನ್ನ ಕಡೆ ನೋಡಿ, ಮಾತಾಡಬೇಡ ಎಂಬಂತೆ ಸನ್ನೆ ಮಾಡಿದರು. ಆ ಭಾಗ ಮುಗಿಯಿತು.

“ಇದು ಒರಿಜಿನಲ್ ಅಲ್ಲ,” ಎಂದರು ಮಾಮಾ.

“ಯಾಕಜ್ಜಾ? ಇದೇ ಎಂಟನೇ ರೀಲು!”

“ಇರಬಹುದು. ಇದನ್ನು ಆಮ್ಯಾಲೆ ಯಾರೋ ಸೇರಿಸ್ಯಾರ. ನಾ ಜಾತ್ರಿ ತುಂಬ ದಿನಾ ನೋಡೇನಿ, ಪುಲಿಕೇಶಿ ಹಿಂಗ ತಡಾ ಮಾಡಾಂವಲ್ಲ.”

ಹುಡುಗ ನನ್ನ ಮುಖ ನೋಡಿದ, ನಾನು ಅತ್ತಿಯ ಮುಖ ನೋಡಿದೆ. ಕಡೆಗೆ ತೀರ್ಪು ಕೊಟ್ಟವರು ಅವರೇ. ಮಗ್ಗದ ಮನೆಯವರಿಗೆ ಎರಡು ಸೀರೆ ನೇಯುವುದು ಹೊಸದಲ್ಲ. ಎಲ್ಲ ಇರುವುದು ಒಂದು, ಮಾಮಾ ಕಂಡದ್ದು ಇನ್ನೊಂದು, ಎರಡನ್ನೂ ಇಟ್ಟುಬಿಡಿ ಎಂದರು. ಹಾಗೆ ಈಗ ಹಾರ್ಡ್ ಡಿಸ್ಕಿನಲ್ಲಿ ‘ಪೂರ್ತಿ’ ಎಂಬ ಒಂದು ಕಡತ, ‘ಬನಶಂಕರಿ ಪ್ರಿಂಟು’ ಎಂಬ ಇನ್ನೊಂದು ಕಡತ ಇವೆ. ಮಾಮಾ ಹೇಳಿದಂತೆ ಒಂದು ನಕಲು ಇಳಕಲ್ಲಿನ ಮೈದುನನ ಮನೆಯಲ್ಲೂ ಇದೆ, ಇನ್ನೊಮ್ಮೆ ಮುಳುಗಡೆ ಬಂದರೆ ಇರಲಿ ಎಂದು. ಎರಡನೆಯದರಲ್ಲಿ ಏಳನೇ ರೀಲಿನಿಂದ ನೇರ ಒಂಬತ್ತಕ್ಕೆ ಹಾರಿಕೆ, ಚುಕ್ಕಿ ಬಂದಲ್ಲೆಲ್ಲ ಪರದೆ ಖಾಲಿ. ಅಷ್ಟೂ ಆಗಿದೆ. ಖಾಲಿ ಪರದೆ ಎಷ್ಟು ಹೊತ್ತು ಇರಬೇಕು ಎಂಬುದರಲ್ಲಿ ಮಾತ್ರ ಅಜ್ಜ ಮೊಮ್ಮಗನಿಗೆ ಇನ್ನೂ ಹೊಂದಿಕೆಯಾಗಿಲ್ಲ. ಹುಡುಗ ಮೂವತ್ತು ಸೆಕೆಂಡು ಸಾಕು ಎನ್ನುತ್ತಾನೆ. ಮಾಮಾ ಒಂದು ಬೀಡಿ ಸೇದುವಷ್ಟು ಬೇಕೇ ಬೇಕು ಎನ್ನುತ್ತಾರೆ, ಅದೂ ಗಾಳಿಗೆ ಎರಡು ಸಲ ಆರಿದ ಬೀಡಿ.